ಬೆಟ್ಟದ ಹೋಟೆಲಿನ ಗೈಡು

ಬೆಟ್ಟದ ಮೇಲಿನ ಹೋಟೆಲಿನ ಈ ಗೈಡಿಗೆ ಕಾಡೆಂದರೆ ನೆಂಟರ ಮನೆ ಇದ್ದಹಾಗೆ. ಎಲೆಯೊಂದು ಅಲುಗಿದರೆ ಸಾಕು, ದುರ್ಬೀನು ಎತ್ತುವ ಮೊದಲೇ ಹಕ್ಕಿಯ ಹೆಸರನ್ನೂ ಅದರ ಸಂಸಾರದ ಜಗಳವನ್ನೂ ಹೇಳಿ ಮುಗಿಸಿರುತ್ತಾನೆ. ಮರಕುಟಿಗ ಅವನ ಬಾಯಲ್ಲಿ ‘ನಮ್ಮ ಬಡಗಿ’, ಮಂಗಟ್ಟೆ ಹಕ್ಕಿ ‘ಮೂಗಿನ ದೊಡ್ಡಪ್ಪ’. ಅತಿಥಿಗಳು ಬಿದ್ದು ಬಿದ್ದು ನಗುತ್ತಾರೆ. ಹಿತ್ತಲಿಗೆ ಕಾಡುಕೋಣ ಬಂದಾಗಲಂತೂ ಅವನನ್ನು ಹಿಡಿಯುವವರೇ ಇಲ್ಲ: “ಹತ್ತಿರ ಬನ್ನಿ ಮೇಡಂ, ಹಸು ಇದ್ದಹಾಗೆ, ಏನೂ ಮಾಡಲ್ಲ!” ಅದು ನೆಕ್ಕಲು ಬರಲೆಂದು, ಮಾಲೀಕರ ಅಪ್ಪಣೆಯಂತೆ, ದಿನಾ ಬೆಳಿಗ್ಗೆ ಅಲ್ಲಿ ಉಪ್ಪು ಸುರಿಯುವವನೂ ಅವನೇ. ಹೋದ ವರ್ಷ ಬಟ್ಟೆ ಒಣಹಾಕಲು ಹೋದ ಅವನ ಹೆಂಡತಿಯನ್ನು ಆ ಕೋಣ ಅಲ್ಲೇ ತಿವಿದು ಕೊಂದಿತು. “ಅತಿಥಿಗಳ ಕಿವಿಗೆ ಬಿದ್ರೆ ಹೋಟೆಲ್ ಮುಚ್ಚಬೇಕಾಗುತ್ತೆ. ನಿನ್ನ ಮಗಳ ಓದೂ ನಿಲ್ಲುತ್ತೆ, ಯೋಚನೆ ಮಾಡು,” ಎಂದರು ಮಾಲೀಕರು. ಅವನು ಯೋಚನೆ ಮಾಡಿದ. ಮೊನ್ನೆ ಅತಿಥಿಯಾಗಿ ಬಂದಿದ್ದ ಅಜ್ಜಿಯೊಬ್ಬರು ಕೋಣವನ್ನು ತೋರಿಸಿ, “ಇದು ಯಾರನ್ನೂ ತಿವಿದಿಲ್ವೇನಪ್ಪಾ?” ಎಂದು ಕೇಳಿದರು. “ಇಲ್ಲಜ್ಜಿ, ಇದುವರೆಗೂ ಯಾರನ್ನೂ ಮುಟ್ಟಿಲ್ಲ,” ಎಂದ. ಶಾಲೆಗೆ ಹೊರಟು ಅಲ್ಲೇ ಪಕ್ಕದಲ್ಲಿ ನಿಂತಿದ್ದ ಮಗಳು ಅಪ್ಪನ ಮುಖವನ್ನೇ ನೋಡಿದಳು. ಅಂದಿನಿಂದ ಅವಳು ಅವನೊಡನೆ ಮಾತಾಡಿಲ್ಲ.