ಅಳಿಲಕ್ಕನ ಗಂಟಲು

ಡಬ್ಬಿಂಗ್ ಕೆಲಸದವರು ಅವಳನ್ನು ಅಳಿಲಕ್ಕ ಎಂದೇ ಕರೆಯುತ್ತಿದ್ದರು. ಕಾರ್ಟೂನಿನ ಅಳಿಲೊಂದಕ್ಕೆ ದನಿ ಕೊಟ್ಟು ಹೆಸರಾದವಳು. ಆಮೇಲೆ ಮೊಲ, ಮರಿಯಾನೆ, ಹಲ್ಲುದುರಿದ ಪೋರರು, ಅಳುಬುರುಕ ರಾಜಕುಮಾರಿಯರು, ಎಲ್ಲರೂ ಅವಳ ಗಂಟಲಿನಲ್ಲೇ ಬಿಡಾರ ಹೂಡಿದರು. ತಲೆ ನರೆತರೂ ಮೈಕಿನ ಮುಂದೆ ಅವಳಿಗೆ ವಯಸ್ಸಾಗಿರಲಿಲ್ಲ. ಗುಟ್ಟು ಇದ್ದದ್ದು ಕಾಲಿನಲ್ಲಿ. ಎಳೆಯ ದನಿ ಬೇಕಾದಾಗ ಚಪ್ಪಲಿ ಕಳಚಿ, ಹಿಮ್ಮಡಿ ಎತ್ತಿ, ತುದಿಗಾಲಲ್ಲಿ ನಿಲ್ಲುತ್ತಿದ್ದಳು. ಹಿಮ್ಮಡಿ ನೆಲ ಬಿಟ್ಟರೆ ವಯಸ್ಸೂ ನೆಲ ಬಿಡುತ್ತದೆ ಎಂದು ಹೊಸಬರಿಗೆ ಹೇಳಿಕೊಡುತ್ತಿದ್ದಳು. ಇನ್ನೊಂದಿಷ್ಟು ಎತ್ತಿದರೆ ಅಕ್ಕ ಸೀದಾ ತೊಟ್ಟಿಲಿಗೇ ಹೋಗಿಬಿಡ್ತಾರೆ ಎಂದು ಗಾಜಿನಾಚೆಯ ರೆಕಾರ್ಡಿಂಗಿನವನು ಛೇಡಿಸುತ್ತಿದ್ದ.

ಆ ವರ್ಷ ಡಬ್ಬಿಂಗಿಗೆ ಬಂದದ್ದು ಹರೆಯದ ಇಬ್ಬರು ಗೆಳತಿಯರ ಕಾರ್ಟೂನ್ ಧಾರಾವಾಹಿ. ಒಬ್ಬಳನ್ನು ಊರೆಲ್ಲ ಹುಡುಗ ಅನ್ನುತ್ತದೆ. ತಾನು ಹುಡುಗಿ ಎಂದು ಅವಳಿಗೆ ಗೊತ್ತು, ಅವಳ ಗೆಳತಿಗೂ ಗೊತ್ತು. ಬಣ್ಣ ಮೆತ್ತಗೆ, ಗೆರೆ ಮೆತ್ತಗೆ. ಇಬ್ಬರೂ ಒಂದೇ ಕೊಡೆಯಡಿ ನಡೆಯುತ್ತಾರೆ, ಒಂದೇ ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುತ್ತಾರೆ. ಅಳಿಲಕ್ಕನಿಗೆ ಸಿಕ್ಕಿದ್ದು ಆ ಹುಡುಗಿಯ ತಾಯಿಯ ಪಾತ್ರ. ಚಿತ್ರ ಬರೆದವರಿಗೆ ತಾಯಂದಿರು ಮುದುಕಿಯರಾಗುವುದು ಇಷ್ಟವಿಲ್ಲ. ಇಲ್ಲಿಯೂ ಹಿಮ್ಮಡಿ ಎತ್ತಲೇಬೇಕಾಯಿತು. "ನೀನು ನನ್ನ ಮಗಳು. ನನಗೆ ತಿಳಿಯೋದೇ ತಡ ಆಯ್ತು" ಎಂಬ ಮಾತನ್ನು ತೆರೆಯ ಮೇಲಿನ ತುಟಿಗೆ ಅವಳು ಎಷ್ಟು ಹದವಾಗಿ ಕೂಡಿಸಿದಳೆಂದರೆ, ರೆಕಾರ್ಡಿಂಗಿನವನು ಛೇಡಿಸುವುದನ್ನೇ ಮರೆತು ಕನ್ನಡಕ ಒರೆಸಿಕೊಂಡ.

ಅದೇ ಮಾತಿಗಾಗಿ ಅವಳ ಮನೆಯಲ್ಲೂ ಒಂದು ಮಗು ಕಾದಿತ್ತು. ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದಾಗ ಒಂದು ದಿನ, ತಾನು ಅವಳ ಮಗನಲ್ಲ, ಮಗಳು ಎಂದು ಅದು ಹೇಳಿಬಿಟ್ಟಿತ್ತು. ಅಳಿಲಕ್ಕ ಬೈಯಲಿಲ್ಲ, ಹೊಡೆಯಲಿಲ್ಲ. ಅದೊಂದು ಹೆಮ್ಮೆ ಅವಳಿಗೆ. ಪರೀಕ್ಷೆ ಮುಗಿಯಲಿ ಅಂದಳು. ಮುಗಿದ ಮೇಲೆ, ಅತ್ತೆ ಬಂದು ಹೋಗಲಿ ಅಂದಳು. ಒದ್ದೆ ಬಟ್ಟೆಯನ್ನು ಮಡಿಚಿಟ್ಟ ಹಾಗೆ ಆ ಮಾತನ್ನು ಮಡಿಚಿಟ್ಟಳು. ಹಾಗೆ ಮಡಿಚಿಟ್ಟದ್ದು ಮುಗ್ಗುಲು ಹಿಡಿಯದೆ ಇರುತ್ತದೆಯೇ?

ಕೆಳಮನೆಯ ಟೈಲರಮ್ಮನ ಮಗಳಿಗೆ ಇಂಥ ಕಾಯಿಸುವಿಕೆ ಗೊತ್ತಿರಲಿಲ್ಲ. ಮಗು ತಾನೇ ಆರಿಸಿಕೊಂಡ ಹೆಸರಿನಿಂದಲೇ ಅದನ್ನು ಕೂಗುತ್ತಿದ್ದಳು, ತನ್ನ ಕ್ಲಿಪ್ಪು ಕೊಡುತ್ತಿದ್ದಳು, ಕಳೆದುಹಾಕಿದರೆ ನಿನ್ನ ಜುಟ್ಟೇ ಕಿತ್ತುಬಿಡ್ತೀನಿ ಎಂದು ಜಗಳವಾಡುತ್ತಿದ್ದಳು. ಧಾರಾವಾಹಿ ಟೀವಿಗೆ ಬಂದಾಗ ಇಬ್ಬರೂ ದಿನಾ ಸಂಜೆ ಒಂದೇ ಚಾಪೆಯ ಮೇಲೆ ಕೂತು ನೋಡಿದರು.

ತಾಯಿಯ ಮಾತು ಬಂದ ಸಂಜೆ ಟೈಲರಮ್ಮನ ಮಗಳು ಮೂಗೊರೆಸಿಕೊಳ್ಳುತ್ತ ಕೆಳಗಿಳಿದು ಹೋದಳು. ಮಗು ಟೀವಿಯ ಸದ್ದು ಅಡಗಿಸಿತು. ಅಡುಗೆಮನೆಯ ಬಾಗಿಲಲ್ಲಿ ಅಳಿಲಕ್ಕ ಕೈಯೊರೆಸಿಕೊಳ್ಳುತ್ತ ನಿಂತಿದ್ದಳು.

"ಅಮ್ಮ, ಅದನ್ನ ನಂಗೂ ಒಂದ್ಸಲ ಹೇಳು."

ಅವಳ ಎದೆ ತುಂಬಿ ಬಂತು. ಹೇಳಿಯೂಬಿಟ್ಟಳು. ಜೇನು ಸುರಿದ ಹಾಗೆ, ಒಂದಕ್ಷರ ಜಾರದ ಹಾಗೆ: "ನೀನು ನನ್ನ ಮಗಳು. ನನಗೆ ತಿಳಿಯೋದೇ ತಡ ಆಯ್ತು."

ಮಗು ಅವಳ ಮುಖ ನೋಡಲಿಲ್ಲ, ಕಾಲು ನೋಡಿತು. ಆಗಲೇ ಅಳಿಲಕ್ಕನೂ ಬಗ್ಗಿ ನೋಡಿಕೊಂಡಳು. ಹಿಮ್ಮಡಿಗಳೆರಡೂ ನೆಲದಿಂದ ಮೇಲೆದ್ದಿದ್ದವು.

"ಇದು ಟೀವಿಯೋಳು ಹೇಳಿದ್ದು" ಎಂದಿತು ಮಗು. "ನೀನು ಹೇಳಮ್ಮ."

ಅಳಿಲಕ್ಕ ಹಿಮ್ಮಡಿ ಊರಿದಳು. ಬಾಯಿ ತೆರೆದಳು. ಅಳಿಲು ಬಂದು ಇಣುಕಿತು, ಮೊಲ ಬಂತು, ರಾಜಕುಮಾರಿ ಬಂದಳು. ಊರ ಮಕ್ಕಳನ್ನೆಲ್ಲ ನಗಿಸಿದ ಆ ಗಂಟಲಿನಲ್ಲಿ ಈ ಒಂದು ಮಾತು ಹೇಳುವವರು ಮಾತ್ರ ಯಾರೂ ಇರಲಿಲ್ಲ. ಒಲೆಯ ಮೇಲೆ ಹಾಲಿದೆ ಎಂದು ಗೊಣಗಿ ಒಳಗೆ ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ಅವಳು ಹೊರಗೆ ಬರುವಷ್ಟರಲ್ಲಿ ಚಾಪೆ ಸುತ್ತಿಟ್ಟಿತ್ತು, ಬಾಗಿಲು ತೆರೆದಿತ್ತು.

ಮಗು ಮತ್ತೆ ಕೇಳಲಿಲ್ಲ. ಸಂಜೆಗಳನ್ನೆಲ್ಲ ಕೆಳಮನೆಯಲ್ಲೇ ಕಳೆಯತೊಡಗಿತು. ಇತ್ತ ಅಳಿಲಕ್ಕನಿಗೆ ಹೊಗಳಿಕೆಯ ಸುರಿಮಳೆ. ಯಾರೋ ತಾಯಿ ಫೋನಿನಲ್ಲಿ ಅತ್ತಳು: ನಿಮ್ಮ ಮಾತು ಕೇಳಿದ ಮೇಲೆಯೇ ನನ್ನ ಮಗುವನ್ನು ತಬ್ಬಿಕೊಂಡೆ, ನಿಮ್ಮ ಮಕ್ಕಳು ಪುಣ್ಯವಂತರು. ಅಳಿಲಕ್ಕ ಹೂಂ ಎಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಹಿಂದಿನವರು ಸುಮ್ಮನೆ ಅಂದಿರಲಿಲ್ಲ.

ಒಂದು ಸಂಜೆ ಟೈಲರಮ್ಮನ ಫೋನು ಬಂತು. ಬೀಡಿ ಸೇದುವವರಂಥ ಒಡಕು ದನಿ ಅವಳದು. ಫೋನನ್ನು ಸ್ಪೀಕರಿಗೆ ಹಾಕಿದ್ದಳೇನೋ, ಹಿಂದೆ ಹೊಲಿಗೆ ಯಂತ್ರ ಓಡುತ್ತಲೇ ಇತ್ತು.

"ನಿಮ್ಮ ಮಗಳು ಇಲ್ಲೇ ಉಂಡಳು ಕಣ್ರೀ. ಇವತ್ತು ಇಲ್ಲೇ ಮಲಗ್ತಾಳಂತೆ."

ಯಂತ್ರ ನಿಲ್ಲಲಿಲ್ಲ. ಟೈಲರಮ್ಮನಿಗೆ ಅದು ಬರೀ ಊಟದ ಸುದ್ದಿ. ಹೌದು, ನನ್ನ ಮಗಳು ಎನ್ನಲು ಇದಕ್ಕಿಂತ ಸಲೀಸಾದ ಗಳಿಗೆ ಅಳಿಲಕ್ಕನಿಗೆ ಸಿಗುವಂತಿರಲಿಲ್ಲ.

"ಆಯ್ತು, ಇರಲಿ" ಎಂದಳು ಅಳಿಲಕ್ಕ. "ಬೇಗ ಮಲಗೋಕೆ ಹೇಳಿ. ನನ್ನ ಮಗನಿಗೆ ಬೆಳಿಗ್ಗೆ ಸ್ಕೂಲಿದೆ."

ಅದು ಅವಳ ಸ್ವಂತ ದನಿ. ಯಂತ್ರ ನಿಂತಿತು. ಫೋನು ಕೈ ಬದಲಾಯಿಸಿದ ಸದ್ದು ಕೇಳಿತು. ಆಚೆ ಯಾರೋ ಉಸಿರಾಡುತ್ತಿದ್ದರು, ತೀರ ಹತ್ತಿರದಲ್ಲಿ. ಆಮೇಲೆ ಅದೂ ಕಡಿದುಹೋಯಿತು.