ಶಿವಯೋಗಪ್ಪನವರ ಅರವತ್ತನಾಲ್ಕು ಕೋರು

ಹೇಳಿದ ಬೆಲೆಯನ್ನು ಹೇಳಿದ ಹಾಗೇ ಕೊಟ್ಟು ಶಿವಯೋಗಪ್ಪನವರು ಕೊಂಡದ್ದು ಎರಡೇ ವಸ್ತು ಎಂದು ಕೊಟ್ಟೂರಿನಲ್ಲಿ ಮಾತಿದೆ. ಒಂದು ಅಂಚೆ ಚೀಟಿ, ಇನ್ನೊಂದು ರೈಲು ಟಿಕೀಟು. ರೈಲು ಟಿಕೀಟಿಗೂ ಮೊದಲ ಸಲ ಒಂದು ಮಾತು ಕೇಳಿ ನೋಡಿದ್ದರಂತೆ, ಕಿಟಕಿಯ ಒಳಗಿದ್ದವನು ಹೊಸಬನಿದ್ದಾನೆ ಎಂದು.

ಅವರದು ಶೇಂಗಾ ಮತ್ತು ಹುಣಸೆಹಣ್ಣಿನ ವ್ಯಾಪಾರ. ವಯಸ್ಸು ಅರವತ್ತಮೂರು. ಚೌಕಾಸಿಯಲ್ಲಿ ಅವರು ಎಂದೂ ದನಿ ಏರಿಸಿದವರಲ್ಲ. ಬೆಲೆ ಕೇಳುತ್ತಿದ್ದರು, ಮಾಲನ್ನು ಮೆಲ್ಲಗೆ ಕೆಳಗಿಡುತ್ತಿದ್ದರು, ಎದ್ದು ಹೋಗಿ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಕುಡಿಯಾಕ ನೀರು ಅದಾವೇನ್ರಿ?" ಎನ್ನುತ್ತಿದ್ದರು. ನೀರು ಬರುವಷ್ಟರಲ್ಲಿ ಅಂಗಡಿಯವನು ಬೆಲೆಯಲ್ಲಿ ಎರಡು ಮೆಟ್ಟಿಲು ಇಳಿದಿರುತ್ತಿದ್ದ. ನೀರು ಕುಡಿದು ಲೋಟ ಕೊಡುವಾಗ ಮೂರನೆಯದನ್ನೂ ಇಳಿಯುತ್ತಿದ್ದ.

ಈ ಗುಣಕ್ಕಾಗಿಯೇ ಊರಿನ ಒಂದು ಪತ್ತಿನ ಸಹಕಾರಿ ಸಂಘದವರು ಅವರನ್ನು ನಿರ್ದೇಶಕರನ್ನಾಗಿ ಮಾಡಿಕೊಂಡು, ಖರೀದಿ ಸಮಿತಿಯನ್ನು ಅವರ ಕೈಗೆ ಕೊಟ್ಟಿದ್ದರು. ಕುರ್ಚಿ, ಕಪಾಟು, ಸೀಲಿಂಗ್ ಫ್ಯಾನು ಎಲ್ಲದರಲ್ಲೂ ಸಂಘಕ್ಕೆ ಲಾಭವಾಯಿತು. ಆಮೇಲೆ ಕಂಪ್ಯೂಟರಿನ ಸರದಿ ಬಂತು.

ಸಂಘಕ್ಕೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಶಾಖೆಗಳಿದ್ದವು. ಎಲ್ಲದರ ಲೆಕ್ಕವೂ ಕೊಟ್ಟೂರಿನ ಒಂದು ಹಳೇ ಯಂತ್ರದ ಮೇಲೆ ಕೂತಿತ್ತು. ತಿಂಗಳ ಕೊನೆಗೆ ಎಲ್ಲ ಶಾಖೆಯವರೂ ಒಟ್ಟಿಗೆ ಕೈಯಿಟ್ಟರೆ ಅದು ಉಸಿರು ಹಿಡಿದು ನಿಂತುಬಿಡುತ್ತಿತ್ತು. ಸಂಘದ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವ ಯಶೋಧರಾ ಕೂಡ್ಲಿಗಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು. ಹೊಸದೊಂದು ಸರ್ವರ್ ಬೇಕೆಂದು ಅವಳು ಅರ್ಜಿ ಬರೆದಳು. ದಾವಣಗೆರೆಯ ಕಂಪ್ಯೂಟರ್ ವ್ಯಾಪಾರಿ ಪ್ರವೀಣಕುಮಾರ್ ದರಪಟ್ಟಿ ಹಿಡಿದು ಸಭೆಗೆ ಬಂದ.

ಪಟ್ಟಿಯಲ್ಲಿ ಮೂರು ಪ್ರೊಸೆಸರ್ ಚಿಪ್ಪುಗಳಿದ್ದವು. ಮನೆಯ ಕಂಪ್ಯೂಟರಿಗೆ ಹಾಕುವಂಥದ್ದು, ಹದಿನಾರು ಕೋರು, ನಲವತ್ತೆಂಟು ಸಾವಿರ. ಸಣ್ಣ ಸರ್ವರಿನದು, ಎಂಟೇ ಕೋರು, ಅರವತ್ತು ಸಾವಿರ. ದೊಡ್ಡ ಸರ್ವರಿನದು, ಅರವತ್ತನಾಲ್ಕು ಕೋರು, ನಾಲ್ಕು ಲಕ್ಷ ಎಂಬತ್ತು ಸಾವಿರ.

"ಕೋರು ಅಂದ್ರ ಏನವ್ವ?" ಎಂದು ಶಿವಯೋಗಪ್ಪನವರು ಯಶೋಧರಾಳನ್ನು ಕೇಳಿದರು.

"ಲೆಕ್ಕ ಮಾಡೋ ತಲಿ ಇದ್ದಂಗ್ರಿ ಸರ್. ಎಂಟು ಕೋರು ಅಂದ್ರ ಎಂಟು ಮಂದಿ ಒಂದ ಸಲಕ್ಕ ಕುಂತು ಲೆಕ್ಕ ಮಾಡಿದಂಗ. ನಮಗ ಎಂಟು ಸಾಕ್ರಿ."

ಶಿವಯೋಗಪ್ಪನವರು ಕಣ್ಣು ಮುಚ್ಚಿ ಬೆರಳು ಮಡಿಸಿದರು. "ಹದಿನಾರಕ್ಕ ನಲವತ್ತೆಂಟು ಅಂದ್ರ ತಲಿಗೆ ಮೂರು ಸಾವಿರ. ಹಂಗಾದ್ರ ಅರವತ್ನಾಕಕ್ಕ ಒಂದು ತೊಂಬತ್ತೆರಡು. ಇಲ್ಲಿ ನಾಕು ಎಂಬತ್ತು ಬರದೀಯಲ್ಲ ಪ್ರವೀಣಾ, ತಲಿಗೆ ಏಳೂವರಿ ಸಾವಿರ ಬಿತ್ತು. ಒಂದು ಚೀಲ ಶೇಂಗಾಕ್ಕ ಒಂದು ರೇಟು, ಲಾರಿ ಮಾಲಿಗೆ ಅದಕ್ಕಿಂತ ಕಮ್ಮಿ. ಹೆಚ್ಚು ತಗಂಡಾಗ ರೇಟು ಏರೋ ಯಾಪಾರ ನಾನು ಎಲ್ಲೂ ನೋಡಿಲ್ಲಪ್ಪ."

ಪ್ರವೀಣಕುಮಾರ್ ತಿಳಿಸಿ ಹೇಳಿದ. ದೊಡ್ಡ ಚಿಪ್ಪು ಮಾಡುವುದು ಕಷ್ಟ, ಮಾಡಿದ್ದರಲ್ಲಿ ಎಷ್ಟೋ ಕೆಡುತ್ತವೆ. ಅದು ವರ್ಷಾನುಗಟ್ಟಲೆ ಹಗಲೂ ರಾತ್ರಿ ನಿಲ್ಲದೆ ದುಡಿಯಬೇಕು, ಮೆಮೊರಿಯಲ್ಲಿ ತಪ್ಪಾದರೆ ತಾನೇ ಹಿಡಿದು ತಿದ್ದಬೇಕು. ಕೊನೆಗೆ ದನಿ ತಗ್ಗಿಸಿ, "ಮತ್ತ ಇದನ್ನ ತಗಳ್ಳೋರು ದೊಡ್ಡ ದೊಡ್ಡ ಕಂಪನಿಯೋರು ಸರ್. ಅವ್ರು ಕೇಳಿದಷ್ಟು ಕೊಡ್ತಾರೆ" ಎಂದ.

ಮೊದಲಿನ ಕಾರಣಗಳನ್ನೆಲ್ಲ ಕಣ್ಣು ಮುಚ್ಚಿಯೇ ಕೇಳಿದ ಶಿವಯೋಗಪ್ಪನವರು ಈ ಮಾತಿಗೆ ಕಣ್ಣು ತೆರೆದರು. "ಹಂಗನ್ನು ಮತ್ತ. ಹಡಗಲಿ ಮಲ್ಲಿಗಿ ಅದ ಗಿಡದ್ದು, ಅದ ಮೊಗ್ಗು. ಲಗ್ನದ ದಿನ ಮೂರು ಪಟ್ಟು ಆಕೈತಿ. ಇದು ಮಾಲಿನ ರೇಟಲ್ಲ, ಗಿರಾಕಿ ರೇಟು." ಸಮಿತಿಯ ಉಳಿದ ನಾಲ್ವರು ತಲೆದೂಗಿದರು. ಅರ್ಧ ಗಂಟೆಯಿಂದ ಅವರಿಗೆ ಅರ್ಥವಾದ ಮೊದಲ ಮಾತು ಅದು.

ಅಲ್ಲಿಗೆ ಎಂಟು ಕೋರಿನದನ್ನು ಕೊಂಡು ಮನೆಗೆ ಹೋಗಬಹುದಿತ್ತು. ಆದರೆ ಹದಿನಾರಕ್ಕೆ ನಲವತ್ತೆಂಟು ಇರುವಾಗ ಎಂಟಕ್ಕೆ ಅರವತ್ತು ಸಾವಿರ ಕೊಡುವುದು ಅವರ ಮನಸ್ಸಿಗೆ ಇನ್ನೂ ದೊಡ್ಡ ಅನ್ಯಾಯವಾಗಿ ಕಂಡಿತು. ಅದಲ್ಲದೆ, ಸಂಘವು ಐದು ಊರಿನ ಗೋಡೆಗಳ ಮೇಲೆ 'ಕೋರ್ ಬ್ಯಾಂಕಿಂಗ್ ಸೌಲಭ್ಯವಿದೆ' ಎಂದು ಬರೆಸಿತ್ತು. "ಕೋರ್ ಬ್ಯಾಂಕಿಂಗ್ ಅಂದ ಮ್ಯಾಲೆ ಕೋರು ಕೈತುಂಬ ಇರಬೇಕಲ್ಲೇನವ್ವ? ಎಂಟ ಎಂಟು ಇಟಗಂಡು ಬೋರ್ಡು ಬರಿಸಿದ್ರ ಮಂದಿ ಏನಂದಾರು?" ಎಂದರು.

ಅದು ಯಾವ ಶಾಖೆಯಲ್ಲಿ ಬೇಕಾದರೂ ಖಾತೆ ನಡೆಸುವ ಸೌಲಭ್ಯ, ಆ ಕೋರೇ ಬೇರೆ, ಈ ಕೋರೇ ಬೇರೆ ಎಂದು ಯಶೋಧರಾ ಹೇಳಿದಳು. ಅವರು ಪಟ್ಟಿಯನ್ನು ಮಡಚಿ ಜೇಬಿಗಿಟ್ಟುಕೊಂಡಾಗಿತ್ತು.

ಮರುವಾರ ಸಂಬಂಧಿಕರ ಗೃಹಪ್ರವೇಶಕ್ಕೆ ಬೆಂಗಳೂರಿಗೆ ಹೋದರು. ಅಲ್ಲಿ ಊಟದ ಪಂಕ್ತಿಯಲ್ಲಿ ಪಕ್ಕದವರು ಒಂದು ವಿಷಯ ಹೇಳಿದರು. ದೊಡ್ಡ ಕಂಪನಿಗಳು ನಾಲ್ಕೈದು ವರ್ಷಕ್ಕೆ ಯಂತ್ರ ಬದಲಿಸುತ್ತವೆ, ಬಿಚ್ಚಿದ ಚಿಪ್ಪುಗಳು ಎಸ್.ಪಿ. ರೋಡಿನ ಕಂಪ್ಯೂಟರ್ ಪೇಟೆಗೆ ಬರುತ್ತವೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದನ್ನೂ ಮರೆತು ಶಿವಯೋಗಪ್ಪನವರು ಎದ್ದರು.

ಅಲ್ಲಿಯ ಒಂದು ಕಿರಿದಾದ ಅಂಗಡಿಯಲ್ಲಿ ಅರವತ್ತನಾಲ್ಕು ಕೋರಿನ ಚಿಪ್ಪು ಸಿಕ್ಕಿತು. ಅಂಗೈಯಗಲದ ತಗಡು. ಅದು ಕೂರುವ ಬೋರ್ಡು, ಮೆಮೊರಿ ಎಲ್ಲ ಸೇರಿ ಒಂದು ಲಕ್ಷ ಅರವತ್ತು ಸಾವಿರ ಎಂದು ಅಂಗಡಿಯವನು ಹೇಳಿದ. ಶಿವಯೋಗಪ್ಪನವರು ಚಪ್ಪಲಿ ಮೆಟ್ಟಿದರು, ನೀರು ಕೇಳಿದರು. ಮೂರು ಲೋಟ ನೀರಿಗೆ ಬೆಲೆ ತೊಂಬತ್ತೈದು ಸಾವಿರಕ್ಕೆ ಇಳಿಯಿತು. ದುಡ್ಡು ತಮ್ಮದೇ ಖಾತೆಯಿಂದ ಕೊಟ್ಟರು. ಸಂಘ ಆಮೇಲೆ ಕೊಡುತ್ತದೆ, ಕೊಡದೆ ಎಲ್ಲಿ ಹೋಗುತ್ತದೆ. ವಾಪಸ್ಸು ಬರುವಾಗ ಡಬ್ಬಿಯನ್ನು ಶಾಲಿನಲ್ಲಿ ಸುತ್ತಿ ಕೊಟ್ಟೂರಿನವರೆಗೂ ತೊಡೆಯಿಂದ ಇಳಿಸಲಿಲ್ಲ.

ಸೋಮವಾರ ಯಶೋಧರಾ ಅದನ್ನು ಜೋಡಿಸಿದಳು. ಗುಂಡಿ ಒತ್ತಿದ್ದೇ ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಕೂಗಿದವು. ಕ್ಯಾಷ್ ಕೌಂಟರಿನ ನಾಗಲಿಂಗಮ್ಮ ಎದ್ದು ಬಂದು ನೋಡಿ ಹೋದಳು. ಪರದೆಯ ಮೇಲೆ ಅರವತ್ತನಾಲ್ಕು ಚೌಕಗಳು ಮೂಡಿದವು, ಒಂದು ಕೋರಿಗೆ ಒಂದು. ಎರಡರಲ್ಲಿ ಮಾತ್ರ ಗೆರೆ ಏರಿಳಿಯುತ್ತಿತ್ತು.

"ಉಳಿದಾವು ಯಾಕ ಸುಮ್ನ ಕುಂತಾವು?"

"ಅವಕ್ಕ ಕೆಲ್ಸ ಇಲ್ಲ ಸರ್."

"ಬಡ್ಡಿ ಲೆಕ್ಕ ಹಚ್ಚವ್ವ ಎಲ್ಲಾವಕ್ಕೂ."

ಹಚ್ಚಿದಳು. ಹಳೇ ಯಂತ್ರಕ್ಕಿಂತ ಬೇಗ ಮುಗಿಯಿತು, ನಿಜ. ಆದರೆ ಪ್ರವೀಣಕುಮಾರ್ ಪರೀಕ್ಷೆಗೆಂದು ಬಿಟ್ಟುಹೋಗಿದ್ದ ಎಂಟು ಕೋರಿನದು ಇದಕ್ಕಿಂತ ಎರಡು ನಿಮಿಷ ಮೊದಲೇ ಮುಗಿಸಿತ್ತು. ಯಶೋಧರಾ ಮೆತ್ತಗೆ ಹೇಳಿದಳು: "ಇದರಾಗ ತಲಿ ಬಾಳ ಅದಾವ್ರಿ, ಆದ್ರ ಒಂದೊಂದು ತಲಿ ನಿಧಾನ. ನಮ್ಮ ಸಾಫ್ಟ್‌ವೇರು ಕೆಲ್ಸಾನ ಅಷ್ಟು ಮಂದಿಗೆ ಹಂಚಂಗಿಲ್ಲ. ಒಂದು ರೊಟ್ಟಿ ಬಡಿಯಾಕ ಅರವತ್ನಾಕು ಮಂದಿ ಕುಂತ್ರ ಹೆಂಗ್ರಿ ಸರ್?"

"ಕೆಟ್ಟೇನೂ ಹೋಗಂಗಿಲ್ಲಲ್ಲ. ಇರ್ಲಿ ಬಿಡು" ಎಂದರು ಶಿವಯೋಗಪ್ಪನವರು. ಅಷ್ಟಕ್ಕೇ ನಿಂತಿದ್ದರೆ ಇದ್ದೇಬಿಡುತ್ತಿತ್ತು. ಹೊಸ ಯಂತ್ರದ ವಿವರ ಕಳಿಸಿ ಎಂದು ಸಾಫ್ಟ್‌ವೇರ್ ಕಂಪನಿಯವರು ಕೇಳಿದ್ದರು. ಯಶೋಧರಾ ಕಳಿಸಿದಳು. ಮಧ್ಯಾಹ್ನ ಉತ್ತರ ಬಂತು. ಖಾತೆಗಳ ಮಾಹಿತಿ ಇಡುವ ಡೇಟಾಬೇಸಿನ ಪರವಾನಗಿಗೆ ಕೋರಿನ ಲೆಕ್ಕದಲ್ಲಿ ಹಣ: ಒಂದು ಕೋರಿಗೆ ವರ್ಷಕ್ಕೆ ಒಂಬತ್ತು ಸಾವಿರ. ಅರವತ್ತನಾಲ್ಕಕ್ಕೆ ಐದು ಲಕ್ಷ ಎಪ್ಪತ್ತಾರು ಸಾವಿರ.

ಶಿವಯೋಗಪ್ಪನವರು ತಾವೇ ಫೋನು ಹಚ್ಚಿದರು. ಆ ಕಡೆಯಿಂದ ಅರ್ಚನಾ ಎಂಬ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ಮಾತಾಡಿದಳು.

"ಐವತ್ತಾರಕ್ಕ ಬೀಗ ಹಾಕಿಬಿಡ್ತೀವಿ ತಂಗಿ. ಎಂಟ ಎಂಟು ದುಡೀಲಿ."

"ಹಾಗಾಗಲ್ಲ ಸರ್. ಮೆಷಿನ್ನಿನಲ್ಲಿ ಎಷ್ಟಿವೆಯೋ ಅಷ್ಟಕ್ಕೂ ಆಗುತ್ತೆ."

"ಕೆಲ್ಸ ಮಾಡದ ಆಳಿಗೆ ಕೂಲಿ ಕೊಡು ಅಂದ್ರ ಯಾವ ನ್ಯಾಯವ್ವ ಇದು?"

"ನಿಯಮ ಸರ್."

ಎದ್ದು ಚಪ್ಪಲಿ ಮೆಟ್ಟಬೇಕೆಂದರೆ ಫೋನಿನಲ್ಲಿ ಅದು ಕಾಣುವುದಿಲ್ಲ. ನೀರು ಕೇಳಬೇಕೆಂದರೆ ಅವಳು ಇರುವುದು ಹುಬ್ಬಳ್ಳಿಯಲ್ಲಿ. ಶಿವಯೋಗಪ್ಪನವರು ಫೋನನ್ನು ಮೇಜಿನ ಮೇಲಿಟ್ಟರು.

ಆ ವಾರದ ಸಭೆಯಲ್ಲಿ ಯಾರೂ ನಗಲಿಲ್ಲ, ಅದೇ ಹೆಚ್ಚು ನೋವಾಯಿತು. ರಸೀತಿ ಸರಿಯಿಲ್ಲದ, ಗ್ಯಾರಂಟಿ ಇಲ್ಲದ ಹಳೇ ಮಾಲಿಗೆ ಸಂಘದ ದುಡ್ಡು ಕೊಡಲಾಗದು ಎಂದು ಅಧ್ಯಕ್ಷರು ಕೆಮ್ಮುತ್ತ ಹೇಳಿದರು. ಎಂಟು ಕೋರಿನದನ್ನೇ ಕೊಳ್ಳುವುದೆಂದಾಯಿತು. ಅರವತ್ತನಾಲ್ಕು ಕೋರು ಶಾಲಿನೊಳಗೆ ಮತ್ತೆ ಸುತ್ತಿಸಿಕೊಂಡು ಶಿವಯೋಗಪ್ಪನವರ ಮನೆಗೆ ಬಂತು.

ಅವರ ಹೆಂಡತಿ ಅನ್ನದಾನಮ್ಮ ಅದಕ್ಕೆ ದೇವರ ಮನೆಯ ಪಕ್ಕದ ಕಪಾಟಿನಲ್ಲಿ ಜಾಗ ಮಾಡಿಕೊಟ್ಟರು. ಒಂದೂ ಕಟು ಮಾತಾಡಲಿಲ್ಲ. ಮರುದಿನ ಕಡಲೆ ಹುರಿಯುತ್ತ, "ಅರವತ್ನಾಕು ಮಂದಿ ಮನ್ಯಾಗ ಕುಂತಾರ. ಒಬ್ಬರಿಗಾದ್ರೂ ಒಂದೀಟು ಕಡ್ಲಿ ಕೇರಾಕ ಹೇಳ್ರಿ" ಎಂದರು, ಅಷ್ಟೆ. ಶಿವಯೋಗಪ್ಪನವರು ಅಂದು ಅಂಗಡಿಗೆ ಅರ್ಧ ಗಂಟೆ ಮೊದಲೇ ಹೋದರು.

ಗಿರಾಕಿಯನ್ನು ಹುಡುಕಿಕೊಟ್ಟವಳು ಯಶೋಧರಾ. ಹರಪನಹಳ್ಳಿಯಲ್ಲಿ ಅವಳ ಜೊತೆ ಡಿಪ್ಲೊಮಾ ಓದಿದ ಕೀರ್ತನಾ ಎಂಬವಳಿದ್ದಳು. ಮನೆ ಕಟ್ಟಿಸುವವರಿಗೆ, ಮನೆ ಮುಗಿದ ಮೇಲೆ ಮುಂಭಾಗ ಹೇಗೆ ಕಾಣುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಬಣ್ಣದ ಚಿತ್ರ ಮಾಡಿ ಕೊಡುವುದು ಅವಳ ಕೆಲಸ. ಒಂದು ಚಿತ್ರ ತಯಾರಾಗಲು ಅವಳ ಯಂತ್ರಕ್ಕೆ ಅರ್ಧ ದಿನ ಬೇಕಾಗುತ್ತಿತ್ತು. ಭಾನುವಾರ ಯಶೋಧರಾ ಮತ್ತು ಶಿವಯೋಗಪ್ಪನವರು ಡಬ್ಬಿ ಹಿಡಿದು ಹರಪನಹಳ್ಳಿಯ ಬಸ್ಸು ಹತ್ತಿದರು.

"ಬರ್ರಿ ಅಂಕಲ್, ಕುತ್ಕಳ್ರಿ" ಎಂದು ಕೀರ್ತನಾ ಕುರ್ಚಿ ಹಾಕಿದಳು. "ಮೊದ್ಲು ಓಡ್ಸಿ ನೋಡ್ತೀನಿ. ಆಮ್ಯಾಲೆ ರೇಟಿನ ಮಾತು."

ಯಶೋಧರಾ ಜೋಡಿಸಿದಳು. ಕೀರ್ತನಾ ಒಂದು ಮನೆಯ ನಕ್ಷೆ ತೆರೆದು ಚಿತ್ರ ಶುರು ಮಾಡಿದಳು. ಗಿರಣಿ ಕೂಗಿತು. ಕಪ್ಪಾಗಿದ್ದ ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು ಒಟ್ಟೊಟ್ಟಿಗೆ ಬೆಳಗತೊಡಗಿದವು. ಒಂದು ಚೌಕದಲ್ಲಿ ಕಿಟಕಿಯ ಸರಳು, ಇನ್ನೊಂದರಲ್ಲಿ ಮಾಳಿಗೆಯ ಅಂಚು, ಮತ್ತೊಂದರಲ್ಲಿ ಆಕಾಶದ ತುಣುಕು. ಒಂದು ತುಂಬಿದ ಕೂಡಲೇ ಅದು ಪಕ್ಕಕ್ಕೆ ಸರಿದು ಬೇರೆ ಜಾಗ ಹಿಡಿಯುತ್ತಿತ್ತು. ಮಾಗಳ ಊರಿನ ಕಡೆ ಹೊಲದಲ್ಲಿ ಆಳುಗಳು ಸಾಲು ಹಿಡಿದು ಕಳೆ ತೆಗೆಯುವುದನ್ನು ಶಿವಯೋಗಪ್ಪನವರು ಎಷ್ಟೋ ಸಲ ನೋಡಿದ್ದರು. ಒಬ್ಬರೂ ಸೊಂಟ ನೆಟ್ಟಗೆ ಮಾಡದ ಇಂಥ ಗುಂಪನ್ನು ನೋಡಿರಲಿಲ್ಲ.

"ಅರವತ್ನಾಕೂ ದುಡ್ಯಾಕತ್ಯಾವೇನು?"

"ಎಲ್ಲಾ ದುಡೀತಾ ಅದಾವ್ರಿ ಸರ್" ಎಂದಳು ಯಶೋಧರಾ.

ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. ಕೀರ್ತನಾ ಅದೇ ಹೊತ್ತಿಗೆ, "ಎಷ್ಟು ಹೇಳ್ತೀರ ಅಂಕಲ್?" ಎಂದಳು.

"ಒಂದು ಹತ್ತು."

"ಎಪ್ಪತ್ತು ಕೊಡ್ತೀನಿ. ಹಳೇದು, ಗ್ಯಾರಂಟಿ ಇಲ್ಲ. ಇದೇನು ಬಂಗಾರ ಅಲ್ಲ, ವರ್ಷ ಹೋದಂಗೆ ಇಳೀತೈತೆ. ಮತ್ತೆ ಇಲ್ಲಿ ಇದನ್ನ ಇನ್ಯಾರು ತಗಂತಾರೆ?"

ಮೂರೂ ಮಾತು ನಿಜವಾಗಿದ್ದವು. ಇದು ಎದ್ದು ಹೋಗುವ ಗಳಿಗೆ ಎಂದು ನಲವತ್ತು ವರ್ಷದ ಅನುಭವ ಅವರ ಕಿವಿಯಲ್ಲಿ ಹೇಳಿತು. ಆದರೆ ಚಿತ್ರದಲ್ಲಿ ಮಾಳಿಗೆ ಮುಗಿದು, ಕೆಳಗೆ ಮುಂಬಾಗಿಲು ಅರ್ಧ ಮೂಡಿತ್ತು. ಎದ್ದರೆ ಬಾಗಿಲು ತಪ್ಪಿಹೋಗುತ್ತದೆ. ಅವರು ಕೂತೇ ಒಂದು ಲಕ್ಷ ಎಂದರು. ಅವಳು ಎಪ್ಪತ್ತೈದು ಎಂದಳು. ಕೂತೇ ತೊಂಬತ್ತೈದು ಎಂದರು. ಅವಳು ಎಂಬತ್ತೆಂಟು, ಅದೇ ಕೊನೆ ಎಂದಳು.

"ಆಗ್ಲಿ ಬಿಡವ್ವ. ಆ ಬಾಗ್ಲದ ಬಣ್ಣ ಯಾವ್ದು ಬರ್ತೈತಿ ನೋಡೋಣು."

ಯಶೋಧರಾ ನಗು ಮುಚ್ಚಿಕೊಳ್ಳಲು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಬಾಗಿಲು ಸಾಗುವಾನಿಯ ಬಣ್ಣಕ್ಕೆ ಬಂತು. ಇಪ್ಪತ್ತೆರಡು ನಿಮಿಷದಲ್ಲಿ ಇಡೀ ಮನೆ ಎದ್ದು ನಿಂತಿತು.

ಏಳು ಸಾವಿರ ಲುಕ್ಸಾನಾದದ್ದನ್ನು ಅವರು ಮನೆಯಲ್ಲಿ ಹೇಳಲಿಲ್ಲ, ಅನ್ನದಾನಮ್ಮ ಕೇಳಲಿಲ್ಲ. ಸಂಘದ ಎಂಟು ಕೋರಿನ ಸರ್ವರ್ ಈಗ ಸದ್ದಿಲ್ಲದೆ ನಡೆಯುತ್ತಿದೆ; ತಿಂಗಳ ಕೊನೆಯ ದಿನವೂ ಯಶೋಧರಾಳಿಗೆ ಹೊತ್ತಿರುವಾಗಲೇ ಕೂಡ್ಲಿಗಿಯ ಬಸ್ಸು ಸಿಗುತ್ತದೆ. ಖರೀದಿ ಸಮಿತಿ ಇನ್ನೂ ಶಿವಯೋಗಪ್ಪನವರ ಕೈಯಲ್ಲೇ ಇದೆ. ಕರೆಂಟಿನ ಸಾಮಾನು ಬಂದಾಗ ಮಾತ್ರ, "ಯಶೋಧರಾನ ಒಂದು ಮಾತು ಕೇಳ್ರಿ" ಎನ್ನುತ್ತಾರೆ.

ಹರಪನಹಳ್ಳಿಯಿಂದ ಹೊರಡುವ ಮುನ್ನ ಅವರು ತಮ್ಮ ಮನೆಯ ಫೋಟೋ ತೋರಿಸಿ, ಮೇಲೊಂದು ಅಂತಸ್ತು ಎತ್ತಿದರೆ ಹೇಗೆ ಕಂಡೀತು ಎಂದು ಕೀರ್ತನಾಳನ್ನು ಕೇಳಿದ್ದರು. ಅಂತಸ್ತು ಎತ್ತುವ ವಿಚಾರ ಆ ಬೆಳಿಗ್ಗೆಯವರೆಗೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾಲ್ಕು ದಿನಕ್ಕೆ ಚಿತ್ರ ಬಂತು. ಗುಲಾಬಿ ಗೋಡೆ, ಗಾಜಿನ ಬಾಲ್ಕನಿ, ಎರಡು ತೆಂಗು, ಮುಂದೆ ಒಂದು ಬಿಳಿ ಕಾರು. ಕಾರಿನ ಪಕ್ಕ ಕಪ್ಪು ಕನ್ನಡಕ ಹಾಕಿ ಕೈಯಲ್ಲಿ ಚೀಲ ಹಿಡಿದ ಒಬ್ಬ ಹೆಂಗಸು.

ಅನ್ನದಾನಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. "ಮನಿ ಚೊಲೊ ಐತಿ. ಈಕಿ ಯಾರ್ರಿ?"

"ಕಂಪ್ಯೂಟರ್‌ದಾಕಿ. ಎಲ್ಲಾರ ಮನಿ ಮುಂದೂ ನಿಂದರಸ್ತಾರಂತ."

"ನಿಂದರ್ಲಿ ಬಿಡ್ರಿ" ಎಂದರು ಅನ್ನದಾನಮ್ಮ, ಚಿತ್ರವನ್ನು ವಾಪಸ್ಸು ಕೊಡುತ್ತ. "ಬಿಸಲಾಗ ನಿಂತಾಳ, ಪಾಪ. ಒಳಗ ಕರದು ಚಾ ಆದ್ರೂ ಕೊಡಬೇಕಿತ್ತು ನೀವು."