ಒಂದು ಕೆರೆಯ ನೀಲಿ

ನಮ್ಮ ಸರ್ ಅವರ ಹಿಮ್ಮಡಿಯ ಬಿರುಕುಗಳಲ್ಲಿ ಸದಾ ಯಾವುದಾದರೊಂದು ಕೆರೆಯ ಕೆಸರು ಒಣಗಿರುತ್ತಿತ್ತು. ಬರಿಗಾಲಲ್ಲಿ ನಿಂತೇ ಉಪಗ್ರಹ ಚಿತ್ರಗಳ ಮೇಲೆ ಭೂತಗನ್ನಡಿ ಆಡಿಸುತ್ತಿದ್ದರು.

ತೊಂಬತ್ತರ ದಶಕದ ಮಾತು. ಶಿಕಾರಿಪುರ, ಸೊರಬ ತಾಲ್ಲೂಕುಗಳ ಕೆರೆಗಳ ನಕಾಶೆ ಮಾಡುವ ಕೆಲಸಕ್ಕೆ ನಾನು ಹೊಸದಾಗಿ ಸೇರಿದ್ದೆ. ಆ ಚಿತ್ರಗಳಲ್ಲಿ ಹಸಿರೆಲ್ಲ ಕೆಂಪಾಗಿ, ನೀರು ಕಪ್ಪಾಗಿ ಕಾಣುತ್ತದೆಂದು ಕಲಿಸಿದವರು ಅವರೇ. "ಉಪಗ್ರಹ ಸುಳ್ಳು ಹೇಳಲ್ಲಮ್ಮ. ಆದ್ರೆ ಮೇಲೆ ಕಂಡಿದ್ದಷ್ಟೇ ಹೇಳ್ತದೆ" ಎನ್ನುತ್ತಿದ್ದರು. ತಾವು ಕಾಲಿಟ್ಟು ನೋಡದ ಕೆರೆಗೆ ನಕಾಶೆಯಲ್ಲಿ ನೀಲಿ ಬಳಿಯಲು ಬಿಡುತ್ತಿರಲಿಲ್ಲ. ಅದು ಅವರ ಹುಚ್ಚು. ಸಕ್ಕರೆ ಕಾಯಿಲೆ ಬೇರೆ. ಬರಿಗಾಲಲ್ಲಿ ಓಡಾಡಬಾರದೆಂದು ಅವರ ಮನೆಯಾಕೆ ಬೂಟು ಕೊಡಿಸಿದ್ದರು. ಅವರು ಕೇಳುವ ಆಸಾಮಿಯೇ? ಮನೆಯಿಂದ ಹಾಕಿಕೊಂಡು ಬಂದರೂ ಆಮೇಲೆ ಬಿಚ್ಚಿಡುತ್ತಿದ್ದರು.

ಹೊಸಬಾಳೆ ಕಡೆಯ ಒಂದು ಜಾಗ ಚಿತ್ರದಲ್ಲಿ ಅಪ್ಪಟ ಕೆಂಪಾಗಿತ್ತು. ಗದ್ದೆಯೆಂದು ನಾವೆಲ್ಲ ಅಂದುಕೊಂಡೆವು. ಸರ್‌ಗೆ ಸಮಾಧಾನವಾಗದೆ ಜೀಪು ಹತ್ತಿಸಿದರು. ಹೋಗಿ ನೋಡಿದರೆ ಕಣ್ಣು ಹಾಯುವಷ್ಟೂ ಹಸಿರು.

"ಇದು ಕೆರೆ ಏನ್ರೀ?" ಎಂದು ಎಮ್ಮೆ ಹೊಡೆದುಕೊಂಡು ಬಂದ ಹೆಂಗಸನ್ನು ಕೇಳಿದೆ.

"ಕೆರೆ ಅಲ್ದೆ ಮತ್ತೇನ್ರೀ? ಅಂತರಗಂಗೆ ಬೆಳ್ದು ಮುಚ್ಕಂಡೈತಿ."

"ಅವರೇ ಹೇಳಿದ್ರಲ್ಲ ಸರ್, ಇಳಿಯೋದು ಬೇಡ" ಎಂದು ನಾನು ಸರ್ ಕಡೆ ತಿರುಗಿದೆ.

"ದಡದಲ್ಲೇ ನಿಂತು ನೋಡಿದ್ರೆ ನಮಗೂ ಉಪಗ್ರಹಕ್ಕೂ ಏನಮ್ಮ ವ್ಯತ್ಯಾಸ?" ಎಂದು ಬೂಟು ಬಿಚ್ಚಿ, ಕಾಲುಚೀಲ ಮಡಚಿ ಅದರೊಳಗಿಟ್ಟು ಇಳಿದೇಬಿಟ್ಟರು. ತೊಡೆಮಟ್ಟ ನೀರಿನಲ್ಲಿ ನಿಂತು, ಗಿಡ ಸರಿಸಿ, "ನೀರು! ನೀಲಿ ಹಾಕಮ್ಮ!" ಎಂದು ಕೂಗಿದರು.

ಹಿಂದಿರುಗುವಾಗ ಜೀಪಿನಲ್ಲಿ ರಕ್ತ ಕಂಡು ನಾನು ಬೆಚ್ಚಿದೆ. ಕಪ್ಪೆಚಿಪ್ಪು ಅಂಗಾಲನ್ನು ಸೀಳಿತ್ತು. "ಗೊತ್ತೇ ಆಗ್ಲಿಲ್ಲ ನೋಡು" ಎಂದವರು ಅಂಗಾಲನ್ನು ಬೆರಳಿಂದ ಒತ್ತಿ ಒತ್ತಿ ನೋಡಿಕೊಂಡರು. ಕಣ್ಣಿಗಿಂತ ಹೆಚ್ಚು ನಂಬಿದ್ದ ಕಾಲಿಗೆ ಸ್ಪರ್ಶವೇ ಹೋಗಿತ್ತು.

ಗಾಯ ಮಾಯಲಿಲ್ಲ. ಕಾಲು ತೆಗೆದರೂ ಅವರು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ನನ್ನನ್ನು ಕೇಳಿದ ಕೊನೆಯ ಮಾತು, "ಹೊಸಬಾಳೆಗೆ ನೀಲಿ ಹಾಕಿದ್ಯೇನಮ್ಮ?" ಹಾಕಿದ್ದೇನೆ ಎಂದೆ. ತಲೆಯಾಡಿಸಿದರು.

ನಕಾಶೆ ಅಚ್ಚಾದ ಮೇಲೆ ಒಂದು ಪ್ರತಿಯನ್ನು ಅವರ ಮನೆಗೆ ಒಯ್ದೆ. ಆ ಬೂಟು ಇನ್ನೂ ಬಾಗಿಲ ಪಕ್ಕದಲ್ಲೇ ಇತ್ತು. ಮನೆಯಾಕೆ ಕನ್ನಡಕ ಹಾಕಿಕೊಂಡು, "ಆ ಕೆರೆ ಯಾವುದಮ್ಮ, ತೋರ್ಸು" ಎಂದರು. ತೋರಿಸಿದೆ. ಅವರು ಬೆರಳಿಟ್ಟಾಗ ಆ ನೀಲಿ ಪೂರ್ತಿ ಮುಚ್ಚಿಹೋಯಿತು.

"ಇಷ್ಟೇನಾ?" ಎಂದರು.